ಕುಡಿಯುವುದನ್ನೇ ಬಿಟ್ಟರೆ ದೇಶದ ಗುಣ ಬದಲಾಗುತ್ತದೆಯೇ?

ಜಪಾನಿನಿಂದ ಬಂದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. 2022ರಲ್ಲಿ ಅಲ್ಲಿನ ರಾಷ್ಟ್ರೀಯ ತೆರಿಗೆ ಸಂಸ್ಥೆ ‘ಸಾಕೆ ವಿವಾ’ ಎಂಬ ಸ್ಪರ್ಧೆಯೊಂದನ್ನು ಪ್ರಕಟಿಸಿತು. ಯುವಜನರಲ್ಲಿ ಮದ್ಯದ ಬೇಡಿಕೆ ಹೆಚ್ಚಿಸಲು 20ರಿಂದ 39 ವರ್ಷದವರು ಉಪಾಯ ಸೂಚಿಸಬೇಕು ಎಂಬುದು ಅದರ ಆಶಯವಾಗಿತ್ತು. 1995ರಲ್ಲಿ ವಯಸ್ಕರ ತಲಾ ಮದ್ಯ ಬಳಕೆ ವರ್ಷಕ್ಕೆ 100 ಲೀಟರಿನಷ್ಟಿದ್ದದ್ದು 2020ರ ಹೊತ್ತಿಗೆ 75 ಲೀಟರಿಗೆ ಇಳಿದಿತ್ತು. ಅದರೊಂದಿಗೆ ಬೊಕ್ಕಸದ ವರಮಾನವೂ ಕುಗ್ಗಿತ್ತು. ಎರಡು ವರ್ಷಗಳ ನಂತರ, 2024ರ ಡಿಸೆಂಬರ್‌ನಲ್ಲಿ, ಅಕ್ಕಿಯಿಂದ ಸಾಕೆ ತಯಾರಿಸುವ ಜಪಾನಿನ ಸಾಂಪ್ರದಾಯಿಕ ವಿದ್ಯೆಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ದೇಶದ ಪರಂಪರೆ ಎಂದು ಜಗತ್ತು ಒಪ್ಪಿಕೊಂಡ ಪಾನೀಯವನ್ನು ಆ ದೇಶದ ಯುವಜನರೇ ಮುಟ್ಟುತ್ತಿಲ್ಲ.

ಜಪಾನ್ ಒಂದೇ ಅಲ್ಲ. ಫ್ರಾನ್ಸ್ ಎಂದರೆ ವೈನ್ ಎಂದು ಜಗತ್ತೆಲ್ಲ ಹೇಳುತ್ತದೆ. 1960ರ ಸುಮಾರಿಗೆ ಅಲ್ಲಿ ತಲಾ ವೈನ್ ಬಳಕೆ ವರ್ಷಕ್ಕೆ 120 ಲೀಟರಿಗೂ ಹೆಚ್ಚಿತ್ತು. ಈಗ ಅದರ ಅರ್ಧದಷ್ಟೂ ಇಲ್ಲ. 2023ರಲ್ಲಿ ಮಾರಾಟವಾಗದೆ ಉಳಿದ ವೈನನ್ನು ನಾಶಪಡಿಸಲು ಫ್ರೆಂಚ್ ಸರ್ಕಾರ 20 ಕೋಟಿ ಯೂರೊ ನೆರವು ಘೋಷಿಸಬೇಕಾಯಿತು. ಜರ್ಮನಿಯಲ್ಲಿ 1980ರ ಸುಮಾರಿಗೆ ತಲಾ 140 ಲೀಟರಿಗೂ ಮೇಲಿದ್ದ ಬಿಯರ್ ಬಳಕೆ ಈಗ 90 ಲೀಟರಿನ ಕೆಳಗಿದೆ.

ದೇಶದ ಮೆಚ್ಚಿನ ಪಾನೀಯವೇ ದೇಶದ ಸ್ವಭಾವವನ್ನು ರೂಪಿಸುತ್ತದೆ ಎಂಬ ಮಾತು ಬಹಳ ಹಳೆಯದು. ಚಹಾದಿಂದ ಇಂಗ್ಲಿಷರ ಸಮಾಧಾನ, ಬಿಯರಿನಿಂದ ಜರ್ಮನ್ನರ ದೃಢತೆ, ವೈನಿನಿಂದ ಫ್ರೆಂಚರ ರಸಿಕತೆ, ವೋಡ್ಕಾದಿಂದ ರಷ್ಯನ್ನರ ವಿಷಾದ ಎಂಬ ಪಟ್ಟಿಯನ್ನು ಪ್ರವಾಸ ಕಥನಗಳಿಂದ ಹಿಡಿದು ಪತ್ರಿಕಾ ಅಂಕಣಗಳವರೆಗೆ ಎಲ್ಲೆಡೆ ಕಾಣಬಹುದು. ಈ ಮಾತು ನಿಜವಾದರೆ ಮೇಲಿನ ದೇಶಗಳು ಈಗ ತಮ್ಮ ಗುಣವನ್ನು ಕಳೆದುಕೊಳ್ಳುತ್ತಿರಬೇಕು. ಸುಳ್ಳಾದರೆ, ಇಷ್ಟು ಗಟ್ಟಿಯಾಗಿ ಅದು ಉಳಿದುಕೊಂಡದ್ದು ಹೇಗೆ? ಇತಿಹಾಸವನ್ನು ಕೆದಕಿದರೆ ಕಾಣುವುದು ಬೇರೆಯೇ ಕ್ರಮ: ಮೊದಲು ತೆರಿಗೆ ಮತ್ತು ವ್ಯಾಪಾರ ಪಾನೀಯವನ್ನು ಆರಿಸುತ್ತವೆ, ಆಮೇಲೆ ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ, ಕೊನೆಯಲ್ಲಿ ಸ್ವಭಾವದ ಕಥೆ ಹುಟ್ಟುತ್ತದೆ.

ಕಥೆ ಹುಟ್ಟಿದ್ದು ಹೀಗೆ

ಕ್ರಿ.ಶ. 98ರ ಸುಮಾರಿಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಅವರು ಬಾರ್ಲಿಯಂಥ ಧಾನ್ಯಗಳನ್ನು ಹುಳಿಸಿ ಮಾಡಿದ ಪಾನೀಯ ಕುಡಿಯುತ್ತಾರೆ, ಬೇಕಾದಷ್ಟು ಕುಡಿಯಲು ಕೊಟ್ಟರೆ ಆಯುಧವಿಲ್ಲದೆಯೇ ಅವರನ್ನು ಗೆಲ್ಲಬಹುದು ಎಂದ. ದ್ರಾಕ್ಷಾರಸ ಕುಡಿಯುವ ಸಾಮ್ರಾಜ್ಯದವನು ಗಡಿಯಾಚೆಯವರನ್ನು ಅವರ ಲೋಟದಿಂದಲೇ ಅಳೆಯುತ್ತಿದ್ದ. 18ನೇ ಶತಮಾನದಲ್ಲಿ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಇದಕ್ಕೆ ಹವಾಮಾನದ ಕಾರಣ ಸೇರಿಸಿದ: ಸಮಭಾಜಕದಿಂದ ಧ್ರುವದತ್ತ ಹೋದಷ್ಟೂ ಕುಡಿತ ಹೆಚ್ಚುತ್ತದೆ ಎಂಬುದು ಅವನ ವಾದ.

ಆದರೆ ಈ ನಂಬಿಕೆ ರಾಜಕೀಯ ಅಸ್ತ್ರವಾದದ್ದನ್ನು ನೋಡಬೇಕಾದರೆ 1751ರ ಲಂಡನ್ನಿಗೆ ಹೋಗಬೇಕು. ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ ಆ ವರ್ಷ ಜೋಡಿ ಮುದ್ರಣ ಚಿತ್ರಗಳನ್ನು ಹೊರತಂದ. ಒಂದು ಬಿಯರಿನ ಬೀದಿ: ಅಲ್ಲಿ ದುಂಡುದುಂಡಾದ ಜನ, ತುಂಬಿದ ಬುಟ್ಟಿಗಳು, ನಡೆಯುತ್ತಿರುವ ಕಟ್ಟಡದ ಕೆಲಸ. ನಷ್ಟದಲ್ಲಿರುವುದು ಗಿರವಿ ಅಂಗಡಿಯೊಂದೇ, ಅದರ ಗೋಡೆ ಜರಿದು ಬೀಳುತ್ತಿದೆ. ಇನ್ನೊಂದು ಜಿನ್ನಿನ ಓಣಿ: ಅಲ್ಲಿ ಗಿರವಿ ಅಂಗಡಿಗೆ ಸುಗ್ಗಿ, ಉಳಿದ ಮನೆಗಳು ಕುಸಿಯುತ್ತಿವೆ, ಮೆಟ್ಟಿಲ ಮೇಲೆ ಮತ್ತಿನಲ್ಲಿ ಕುಳಿತ ತಾಯಿಯ ಕೈಯಿಂದ ಮಗು ಜಾರಿ ಕೆಳಗೆ ಬೀಳುತ್ತಿದೆ. ಬಿಯರ್ ಇಂಗ್ಲಿಷ್ ಗುಣದ್ದು, ಹಾಲೆಂಡಿನಿಂದ ಬಂದ ಜಿನ್ ಆ ಗುಣವನ್ನು ಕೆಡಿಸುವಂಥದ್ದು ಎಂಬ ಸಂದೇಶ ಯಾರಿಗೂ ಅರ್ಥವಾಗುವಂತಿತ್ತು. ಅದೇ ವರ್ಷ ಜಿನ್ ಮಾರಾಟವನ್ನು ಬಿಗಿಗೊಳಿಸುವ ಕಾಯ್ದೆ ಬಂತು.

ಜಿನ್ ಅಷ್ಟು ಅಗ್ಗವಾದದ್ದು ಹೇಗೆ ಎಂಬುದನ್ನು ಮಾತ್ರ ಆ ಚಿತ್ರಗಳು ಹೇಳುವುದಿಲ್ಲ. ಫ್ರಾನ್ಸಿನೊಡನೆ ಯುದ್ಧ ಶುರುವಾದಾಗ ಫ್ರೆಂಚ್ ಬ್ರಾಂದಿಯ ಆಮದನ್ನು ತಡೆದು, 1690ರಲ್ಲಿ ಧಾನ್ಯದಿಂದ ಮದ್ಯ ಬಟ್ಟಿ ಇಳಿಸಲು ಉತ್ತೇಜನ ಕೊಡುವ ಕಾನೂನು ಮಾಡಿದ್ದು ಇಂಗ್ಲೆಂಡಿನ ಸಂಸತ್ತೇ. ಜಮೀನ್ದಾರರ ಧಾನ್ಯಕ್ಕೆ ಗಿರಾಕಿ ಸಿಕ್ಕಿತು, ಬೊಕ್ಕಸಕ್ಕೆ ಸುಂಕ ಬಂತು, ಬಡವರ ಕೈಗೆ ಅಗ್ಗದ ಜಿನ್ ಬಂತು. ಅರವತ್ತು ವರ್ಷಗಳ ನಂತರ ತಪ್ಪನ್ನು ಹೊರಿಸಿದ್ದು ಮಾತ್ರ ಕುಡಿದವರ ಗುಣದ ಮೇಲೆ ಮತ್ತು ಪಾನೀಯದ ವಿದೇಶಿ ಹುಟ್ಟಿನ ಮೇಲೆ.

ಚಹಾ ಇಂಗ್ಲಿಷ್ ಆದ ಬಗೆ

ಇಂದು ಇಂಗ್ಲಿಷ್ ಶಾಂತಚಿತ್ತದ ಗುರುತಾಗಿರುವ ಚಹಾ 1750ರ ದಶಕದಲ್ಲಿ ರಾಷ್ಟ್ರದ್ರೋಹಿಯಂತೆ ಕಾಣುತ್ತಿತ್ತು. ಜೋನಾಸ್ ಹ್ಯಾನ್ವೇ ಎಂಬ ವ್ಯಾಪಾರಿ ಮತ್ತು ಸಮಾಜ ಸುಧಾರಕ, ಚಹಾ ಆರೋಗ್ಯವನ್ನು ಕೆಡಿಸುತ್ತದೆ, ದುಡಿಮೆಗೆ ಅಡ್ಡಿಯಾಗುತ್ತದೆ, ದೇಶವನ್ನು ಬಡವಾಗಿಸುತ್ತದೆ ಎಂದು ದೊಡ್ಡ ಪ್ರಬಂಧವನ್ನೇ ಬರೆದ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ತಾನು ನಾಚಿಕೆಯಿಲ್ಲದ ಚಹಾ ಕುಡುಕ ಎಂದು ಹೇಳಿಕೊಂಡೇ ಅದಕ್ಕೆ ಉತ್ತರ ಕೊಟ್ಟ. ಒಂದೇ ಎಲೆ, ಒಂದೇ ಜನ. ಆದರೂ ಅದು ಅವರನ್ನು ದುರ್ಬಲಗೊಳಿಸುತ್ತದೆ ಎಂದು ಒಂದು ಕಾಲ ಹೇಳಿದರೆ, ಅದೇ ಅವರ ಸ್ಥೈರ್ಯದ ಮೂಲ ಎಂದು ಇನ್ನೊಂದು ಕಾಲ ಹೇಳಿತು. ಕಾರಣವೆಂದು ತೋರಿಸುವ ವಸ್ತು ಬದಲಾಗದೆ ಪರಿಣಾಮ ಮಾತ್ರ ತಲೆಕೆಳಗಾದರೆ, ಕಾರಣ ಬೇರೆಲ್ಲೋ ಇರಬೇಕು.

ಅದು ಇದ್ದದ್ದು ಸುಂಕದ ದರದಲ್ಲಿ. 1784ಕ್ಕೆ ಮೊದಲು ಚಹಾದ ಮೇಲಿನ ಸುಂಕ ಶೇ 119ರಷ್ಟಿತ್ತು. ಹಾಗಾಗಿ ಕಳ್ಳಸಾಗಣೆ ಜೋರಾಗಿತ್ತು, ಈಸ್ಟ್ ಇಂಡಿಯಾ ಕಂಪನಿಯ ದಾಸ್ತಾನು ಕೊಳೆಯುತ್ತಿತ್ತು. ಪ್ರಧಾನಿ ಕಿರಿಯ ವಿಲಿಯಂ ಪಿಟ್ ಆ ವರ್ಷ ಅದನ್ನು ಒಮ್ಮೆಲೇ ಶೇ 12.5ಕ್ಕೆ ಇಳಿಸಿದ. ಕಳ್ಳಸಾಗಣೆಯಲ್ಲಿ ಲಾಭವಿಲ್ಲದಂತಾಯಿತು, ಕಂಪನಿಯ ವ್ಯಾಪಾರ ಏರಿತು, ಕೂಲಿಕಾರರ ಮನೆಗೂ ಚಹಾ ಬಂತು. ರಾಷ್ಟ್ರೀಯ ಪಾನೀಯವೊಂದು ಹುಟ್ಟಿದ ದಿನವನ್ನು ಇಷ್ಟು ಖಚಿತವಾಗಿ ಹೇಳಬಹುದಾದ ಉದಾಹರಣೆಗಳು ಹೆಚ್ಚಿಲ್ಲ.

ಆ ಚಹಾಕ್ಕೆ ಬೆರೆಸಿದ ಸಕ್ಕರೆ ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಬೆಳೆದದ್ದು. ಚೀನಾದ ಎಲೆಗೆ ಬೆಳ್ಳಿ ತೆರುವುದನ್ನು ತಪ್ಪಿಸಲು ಬ್ರಿಟಿಷರು ಅಲ್ಲಿಗೆ ಅಫೀಮು ಸಾಗಿಸಿದರು. ಅದನ್ನು ಚೀನಾ ತಡೆಯಲು ಹೋದಾಗ 1839ರಲ್ಲಿ ಯುದ್ಧವಾಯಿತು. ಆಮೇಲೆ ಅಸ್ಸಾಮಿನ ಕಾಡು ಕಡಿದು, ಕರಾರಿನ ಕೂಲಿಗಳನ್ನು ಕಟ್ಟಿಹಾಕಿ ದುಡಿಸಿ ತೋಟಗಳನ್ನು ಎಬ್ಬಿಸಿದರು. ಒಂದು ದೇಶದ ಮಧ್ಯಾಹ್ನದ ನೆಮ್ಮದಿಗೆ ಇಷ್ಟು ಜನ ಬೆಲೆ ತೆತ್ತಿದ್ದಾರೆ. ಆ ನೆಮ್ಮದಿಯನ್ನು ಎಲೆಯೊಳಗಿನ ಗುಣ ಎಂದು ಹೇಳಿದ ಕೂಡಲೇ ಇವರೆಲ್ಲರೂ ಕಥೆಯಿಂದ ಮರೆಯಾಗುತ್ತಾರೆ. ಈ ನಂಬಿಕೆಯನ್ನು ಬರಿಯ ಹರಟೆ ಎಂದು ಬಿಟ್ಟುಬಿಡಲಾಗದ ಮೊದಲ ಕಾರಣ ಇದು.

ಕಾಫಿಯಿಂದ ಚಹಾಕ್ಕೆ ಸರಿದ ದೇಶ

ಪಾನೀಯವೇ ಗುಣವನ್ನು ರೂಪಿಸುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ದಾರಿಯಿದೆ: ಪಾನೀಯವನ್ನು ಬದಲಾಯಿಸಿದ ದೇಶವನ್ನು ನೋಡುವುದು. ತುರ್ಕಿ ಅಂಥ ದೇಶ.

16ನೇ ಶತಮಾನದ ಮಧ್ಯಭಾಗದಲ್ಲಿ ಇಸ್ತಾಂಬುಲ್‌ಗೆ ಕಾಫಿ ಅಂಗಡಿಗಳು ಬಂದವು. ಅಲ್ಲಿ ಸೇರುವವರ ಮಾತಿಗೆ ಹೆದರಿ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಅವನ್ನು ಮುಚ್ಚಿಸಿದ್ದೂ ಉಂಟು. ಆದರೂ ನಾಲ್ಕು ಶತಮಾನಗಳ ಕಾಲ ‘ತುರ್ಕಿ ಕಾಫಿ’ ಎಂಬುದು ಆ ಜನರ ಹೆಸರಿಗೇ ಅಂಟಿಕೊಂಡಿತ್ತು. ಮೊದಲ ಮಹಾಯುದ್ಧದ ನಂತರ ಒಟ್ಟೋಮನ್ ಸಾಮ್ರಾಜ್ಯ ಚೂರಾಗಿ, ಕಾಫಿ ಬರುತ್ತಿದ್ದ ಯೆಮೆನ್ ಕೈತಪ್ಪಿತು. ಹೊಸ ಗಣರಾಜ್ಯಕ್ಕೆ ಕಾಫಿ ಎಂದರೆ ವಿದೇಶಿ ಹಣ ತೆತ್ತು ತರಿಸಬೇಕಾದ ವಸ್ತುವಾಯಿತು. ಕಪ್ಪು ಸಮುದ್ರದ ತೀರದ ರಿಜೆ ಪ್ರಾಂತ್ಯದಲ್ಲಿ ಮಳೆಯೂ ಇತ್ತು, ಬಡತನವೂ ಇತ್ತು. 1924ರಲ್ಲಿ ಅಲ್ಲಿ ಚಹಾ ಬೆಳೆಯುವುದನ್ನು ಉತ್ತೇಜಿಸುವ ಕಾನೂನು ಬಂತು. ಕೃಷಿತಜ್ಞ ಜಿಹ್ನಿ ದೆರಿನ್ ಪಟ್ಟುಹಿಡಿದು ನೆರೆಯ ಜಾರ್ಜಿಯಾದಿಂದ ಬೀಜ ತರಿಸಿದರು. 1947ರಲ್ಲಿ ರಿಜೆಯಲ್ಲಿ ಚಹಾ ಕಾರ್ಖಾನೆ ಆರಂಭವಾಯಿತು. ಇಂದು ತಲಾ ಚಹಾ ಬಳಕೆಯಲ್ಲಿ ತುರ್ಕಿ ಜಗತ್ತಿನ ಮೊದಲ ಸಾಲಿನಲ್ಲಿದೆ: ವರ್ಷಕ್ಕೆ ಒಬ್ಬರಿಗೆ ಮೂರು ಕಿಲೋಗೂ ಹೆಚ್ಚು.

ಆ ಚಹಾ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು. ಕೆಳಗಿನದರಲ್ಲಿ ನೀರು ಕುದಿಯುತ್ತಿರುತ್ತದೆ, ಮೇಲಿನದರಲ್ಲಿ ಎಲೆ ಅದೇ ಹಬೆಯ ಕಾವಿನಲ್ಲಿ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಸೊಂಟ ಸಣ್ಣಗಿರುವ, ಹಿಡಿಯಿಲ್ಲದ ಗಾಜಿನ ಲೋಟಕ್ಕೆ ಮೊದಲು ಮೇಲಿನ ಗಟ್ಟಿ ರಸ ಸುರಿದು, ಕುಡಿಯುವವರಿಗೆ ಎಷ್ಟು ಗಾಢ ಬೇಕೋ ನೋಡಿಕೊಂಡು ಕುದಿನೀರು ಸೇರಿಸುತ್ತಾರೆ. ಹಾಲು ಹಾಕುವುದಿಲ್ಲ. ಲೋಟ ಚಿಕ್ಕದು, ಬೇಗ ಖಾಲಿಯಾಗುತ್ತದೆ. ಒಲೆಯ ಮೇಲಿನ ಪಾತ್ರೆ ತಣ್ಣಗಾಗುವುದಿಲ್ಲವಾದ್ದರಿಂದ ಮತ್ತೆ ತುಂಬುತ್ತಾರೆ. ಹೀಗೆ ಮಾತು ಮುಂದುವರಿಯುತ್ತದೆ, ಬಂದವರು ಕೂತೇ ಇರುತ್ತಾರೆ.

ತುರ್ಕಿಯ ಕಾಫಿ ಸಂಸ್ಕೃತಿ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿನ ಚಹಾ ಸಂಸ್ಕೃತಿ, ಅಜರ್ಬೈಜಾನಿನ ಜೊತೆಗೆ, 2022ರಲ್ಲಿ ಸೇರಿತು. ಎರಡೂ ಬಾರಿ ಮುಂದಿಟ್ಟ ಗುಣ ಅತಿಥಿಸತ್ಕಾರವೇ. ಅತಿಥಿಸತ್ಕಾರ ಕಾಫಿಯಿಂದ ಹುಟ್ಟಿದ್ದಾದರೆ ಕಾಫಿ ಹಿಂದೆ ಸರಿದಾಗ ಅದೂ ಸರಿಯಬೇಕಿತ್ತು. ಅದು ಚಹಾದ ಲೋಟಕ್ಕೆ ಬಂದು ಕೂತಿತು. ಬಂದವರನ್ನು ಕೂರಿಸಿ ಬಿಸಿಯಾಗಿ ಏನಾದರೂ ಕೊಡಬೇಕು ಎಂಬ ರೂಢಿ ಮೊದಲೇ ಇತ್ತು. ಏನು ಕೊಡಬೇಕು ಎಂಬುದನ್ನು ಮಾತ್ರ ಗಡಿ, ಮಳೆ ಮತ್ತು ಸರ್ಕಾರದ ಖಜಾನೆ ತೀರ್ಮಾನಿಸಿದವು.

ಹಾಗಾದರೆ ಪಾನೀಯಕ್ಕೆ ಶಕ್ತಿಯೇ ಇಲ್ಲವೇ?

ಇದಕ್ಕೆ ಎದುರಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಫೀನ್ ಮೆದುಳಿನಲ್ಲಿ ಆಯಾಸದ ಸಂದೇಶ ಕೊಡುವ ಅಡೆನೊಸಿನ್ ಕೆಲಸ ಮಾಡದಂತೆ ತಡೆಯುತ್ತದೆ. ಆಲ್ಕೊಹಾಲ್ ಸಂಯಮವನ್ನು ಸಡಿಲಗೊಳಿಸುತ್ತದೆ. ಲಕ್ಷಾಂತರ ಜನ ದಿನವೂ ಒಂದನ್ನು ಬಿಟ್ಟು ಇನ್ನೊಂದನ್ನು ಕುಡಿಯತೊಡಗಿದರೆ ಸಮಾಜ ಬದಲಾಗದೆ ಇದ್ದೀತೇ ಎಂದು ಈ ಪಕ್ಷದವರು ಕೇಳುತ್ತಾರೆ. ಅವರ ಮೆಚ್ಚಿನ ಉದಾಹರಣೆ 17ನೇ ಶತಮಾನದ ಲಂಡನ್. 1652ರಲ್ಲಿ ಅಲ್ಲಿ ಮೊದಲ ಕಾಫಿ ಮನೆ ತೆರೆಯಿತು. ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಮನೆಯಲ್ಲಿ ಸೇರುತ್ತಿದ್ದ ಹಡಗು ವ್ಯಾಪಾರಿಗಳಿಂದ ಜಗತ್ಪ್ರಸಿದ್ಧ ವಿಮಾ ಮಾರುಕಟ್ಟೆ ಬೆಳೆಯಿತು. ಜೋನಾಥನ್ಸ್ ಕಾಫಿ ಮನೆಯಲ್ಲಿ ಷೇರು ವ್ಯಾಪಾರ ನಡೆಯಿತು. ಬೆಳಗಿನ ಬಿಯರಿನ ಮಂಪರು ಹೋಗಿ ಕಾಫಿಯ ಎಚ್ಚರ ಬಂದದ್ದರಿಂದಲೇ ಹೊಸ ಯುಗ ಹುಟ್ಟಿತು ಎಂಬುದು ಅವರ ನಿಲುವು.

ಈ ವಾದ ಎಡವುವುದು ಒಂದು ಕಡೆ. ಇಸ್ತಾಂಬುಲ್ ಲಂಡನ್ನಿಗಿಂತ ಒಂದು ಶತಮಾನ ಮೊದಲೇ ಕಾಫಿ ಕುಡಿಯುತ್ತಿತ್ತು. ಅಲ್ಲಿ ವಿಮಾ ಮಾರುಕಟ್ಟೆ ಹುಟ್ಟಲಿಲ್ಲ. ಎರಡೂ ಕಡೆ ಕೆಫೀನ್ ಒಂದೇ. ಬೇರೆಯಾದದ್ದು ವ್ಯಾಪಾರದ ಕಾನೂನು, ಬಂಡವಾಳ ಮತ್ತು ಹಡಗುಗಳ ದಾರಿ. ಎರಡೂ ಕಡೆ ದೊರೆಗಳು ಹೆದರಿದ್ದು ಮಾತ್ರ ಒಂದೇ ಸಂಗತಿಗೆ. 1675ರ ಕೊನೆಯಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಲು ಆಜ್ಞೆ ಹೊರಡಿಸಿ, ಜನರ ವಿರೋಧಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಅವನ ಆತಂಕ ಅಪರಿಚಿತರು ಒಂದೇ ಮೇಜಿನ ಸುತ್ತ ಕೂತು ಸರ್ಕಾರದ ಬಗ್ಗೆ ಮಾತಾಡುವುದರ ಬಗ್ಗೆ. ಪಾನೀಯ ಅಲ್ಲಿ ಕೂರಲು ಒಂದು ನೆಪ ಒದಗಿಸಿತ್ತು. ನನ್ನ ಮಟ್ಟಿಗೆ ಈ ನೆಪ ಸಣ್ಣ ಸಂಗತಿಯಲ್ಲ. ಎಷ್ಟು ಹೊತ್ತು ಕೂರಬಹುದು, ಯಾರ ಜೊತೆ ಕೂರಬಹುದು, ಎದ್ದು ಹೋಗುವಾಗ ಎಷ್ಟು ಎಚ್ಚರವಾಗಿರುತ್ತೇವೆ ಎಂಬುದನ್ನು ಪಾನೀಯ ನಿರ್ಧರಿಸುತ್ತದೆ. ಪಾನೀಯಕ್ಕೆ ಇರುವ ಶಕ್ತಿ ಅಷ್ಟು.

ಮತ್ತೊಂದು ಶಕ್ತಿ ಇನ್ನೂ ನೇರವಾದದ್ದು. ಚಹಾಕ್ಕೆ ನೀರನ್ನು ಕುದಿಸಬೇಕು. ರೋಗಾಣುಗಳ ಬಗ್ಗೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಇಂಗ್ಲೆಂಡಿನ ಜನ ಚಹಾದ ಕಾರಣಕ್ಕೆ ಕುದಿಸಿದ ನೀರು ಕುಡಿಯತೊಡಗಿದರು. ಅಮೆರಿಕದ ಅರ್ಥಶಾಸ್ತ್ರಜ್ಞೆ ಫ್ರಾನ್ಸಿಸ್ಕಾ ಆಂಟ್‌ಮನ್ ಹಳೆಯ ಪ್ಯಾರಿಷ್ (ಚರ್ಚ್ ವಲಯ) ದಾಖಲೆಗಳನ್ನು ಪರಿಶೀಲಿಸಿ, 1784ರ ಸುಂಕ ಕಡಿತದ ನಂತರ ನೀರಿನ ಗುಣಮಟ್ಟ ಕೆಟ್ಟದಾಗಿದ್ದ ಊರುಗಳಲ್ಲಿ ಸಾವಿನ ಪ್ರಮಾಣ ಹೆಚ್ಚು ಇಳಿಯಿತು ಎಂದು ತೋರಿಸಿದ್ದಾರೆ. ಚಹಾ ಇಂಗ್ಲಿಷರನ್ನು ಶಾಂತಚಿತ್ತರನ್ನಾಗಿ ಮಾಡಿತೋ ಇಲ್ಲವೋ ಹೇಳಲಾಗದು. ಎಷ್ಟೋ ಜನರನ್ನು ಬದುಕಿಸಿತು ಎನ್ನಲು ಪುರಾವೆಯಿದೆ.

ಅಮಲು ಕೂಡ ಕಲಿತದ್ದೇ

ಆಲ್ಕೊಹಾಲ್ ವಿಷಯದಲ್ಲಿ ಸಾಮಾನ್ಯ ತಿಳಿವಳಿಕೆ ಇನ್ನೂ ಗಟ್ಟಿ: ಕುಡಿದರೆ ನಿಜವಾದ ಗುಣ ಹೊರಬರುತ್ತದೆ, ಆದ್ದರಿಂದ ಒಂದು ಜನಾಂಗ ಕುಡಿದಾಗ ಹೇಗಿರುತ್ತದೋ ಅದೇ ಅದರ ಸ್ವಭಾವ. ಮಾನವಶಾಸ್ತ್ರಜ್ಞ ಡ್ವೈಟ್ ಹೀತ್ 1950ರ ದಶಕದಲ್ಲಿ ಬೊಲಿವಿಯಾದ ಕಾಂಬಾ ಜನರ ನಡುವೆ ಇದ್ದು ನೋಡಿದಾಗ ಇದಕ್ಕೆ ತದ್ವಿರುದ್ಧವಾದದ್ದು ಕಂಡಿತು. ಅವರು ಕುಡಿಯುತ್ತಿದ್ದದ್ದು ಶೇ 89ರಷ್ಟು ಆಲ್ಕೊಹಾಲ್ ಇರುವ ಕಬ್ಬಿನ ಸಾರಾಯಿ. ಒಂದೇ ಲೋಟ ಸುತ್ತಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಕುಡಿದವನು ತುಂಬಿ ಇನ್ನೊಬ್ಬನ ಕೈಗೆ ಕೊಡುತ್ತಿದ್ದ. ಮತ್ತಿನಲ್ಲಿ ಉರುಳಿ ಮಲಗಿದವರಿದ್ದರು, ಆದರೆ ಜಗಳ ಇರಲಿಲ್ಲ, ಹೊಡೆದಾಟ ಇರಲಿಲ್ಲ. 1969ರಲ್ಲಿ ಕ್ರೇಗ್ ಮ್ಯಾಕ್‌ಆಂಡ್ರೂ ಮತ್ತು ರಾಬರ್ಟ್ ಎಡ್ಜರ್ಟನ್ ಇಂಥ ಅನೇಕ ಸಮಾಜಗಳ ವರದಿಗಳನ್ನು ಒಟ್ಟುಗೂಡಿಸಿ, ಕುಡಿದವನ ವರ್ತನೆ ಆ ಸಮಾಜ ಕುಡಿದವನಿಂದ ಏನನ್ನು ನಿರೀಕ್ಷಿಸುತ್ತದೆ, ಏನನ್ನು ಕ್ಷಮಿಸುತ್ತದೆ ಎಂಬುದನ್ನು ಅವಲಂಬಿಸಿದೆ ಎಂದು ವಾದಿಸಿದರು. ತೊದಲುವುದು, ತೂರಾಡುವುದು ರಸಾಯನದ ಕೆಲಸ. ಕೈ ಎತ್ತುವುದು ಹಾಗಲ್ಲ, ಅದಕ್ಕೆ ಸಮಾಜದ ಪರವಾನಗಿ ಬೇಕು.

ಇನ್ನು ‘ದೇಶದ ಸ್ವಭಾವ’ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. 2005ರಲ್ಲಿ ಆಂಟೊನಿಯೊ ಟೆರಾಚಿಯಾನೊ ಮತ್ತು ಸಂಗಡಿಗರು 49 ಸಂಸ್ಕೃತಿಗಳಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ತಮ್ಮ ದೇಶದ ಸಾಮಾನ್ಯ ವ್ಯಕ್ತಿ ಹೇಗಿರುತ್ತಾನೆ ಎಂದು ಜನ ಹೇಳಿದ್ದಕ್ಕೂ, ಅಲ್ಲಿನ ಜನರ ವ್ಯಕ್ತಿತ್ವವನ್ನು ಅಳೆದಾಗ ಸಿಕ್ಕ ಸರಾಸರಿಗೂ ಹೊಂದಿಕೆ ಕಾಣಲಿಲ್ಲ. ಒಂದು ದೇಶದ ಒಳಗಿನವರೇ ತಮ್ಮವರ ಗುಣವನ್ನು ಸರಿಯಾಗಿ ಹೇಳಲಾರರು ಎಂದ ಮೇಲೆ, ಆ ಗುಣಕ್ಕೆ ಒಂದು ಪಾನೀಯವನ್ನು ಕಾರಣ ಮಾಡುವುದು ಗೋಡೆಯೇ ಇಲ್ಲದ ಕಡೆ ಚಿತ್ರ ತೂಗುಹಾಕಿದಂತೆ.

ರಷ್ಯಾ: ನಂಬಿಕೆಗೆ ತೆತ್ತ ಬೆಲೆ

ಈ ನಂಬಿಕೆ ಅತಿ ಹೆಚ್ಚು ಹಾನಿ ಮಾಡಿದ್ದು ರಷ್ಯಾದಲ್ಲಿ. ಕುಡಿತವೇ ರಷ್ಯನ್ನರ ಆನಂದ, ಅದಿಲ್ಲದೆ ನಾವು ಬದುಕಲಾರೆವು ಎಂದು ಹೇಳಿ ರಾಜಕುಮಾರ ವ್ಲಾದಿಮಿರ್ ಇಸ್ಲಾಮನ್ನು ತಿರಸ್ಕರಿಸಿದ ಎಂದು ಹಳೆಯ ವೃತ್ತಾಂತವೊಂದು ಹೇಳುತ್ತದೆ. ಆ ಒಂದು ವಾಕ್ಯವನ್ನು ಬಹುಕಾಲದಿಂದ ರಷ್ಯನ್ ಸ್ವಭಾವದ ಸಾಕ್ಷ್ಯವಾಗಿ ಬಳಸಲಾಗುತ್ತಿದೆ. ಆದರೆ ವೋಡ್ಕಾ ಹಳ್ಳಿಹಳ್ಳಿಗೆ ತಲುಪಿದ ಕಥೆಯಲ್ಲಿ ಸ್ವಭಾವಕ್ಕಿಂತ ಬೊಕ್ಕಸದ ಪಾತ್ರ ಬಹಳ ದೊಡ್ಡದು.

16ನೇ ಶತಮಾನದಲ್ಲಿ ಇವಾನ್ ದಿ ಟೆರಿಬಲ್ ಕಾಲದಿಂದ ಗಡಂಗುಗಳು ಅರಸೊತ್ತಿಗೆಯ ಆದಾಯದ ಮೂಲವಾದವು. ಮುಂದೆ ಮದ್ಯ ಮಾರುವ ಹಕ್ಕನ್ನು ಹರಾಜು ಹಾಕಿ ಗುತ್ತಿಗೆದಾರರಿಗೆ ಕೊಡುವ ಪದ್ಧತಿ ಬಂತು. 19ನೇ ಶತಮಾನದ ಮಧ್ಯದಲ್ಲಿ ಸಾಮ್ರಾಜ್ಯದ ಆದಾಯದ ಸುಮಾರು ಮೂರನೇ ಒಂದು ಭಾಗ ಮದ್ಯದಿಂದ ಬರುತ್ತಿತ್ತು. ಸೈನ್ಯ, ರೈಲು, ಅರಮನೆ ಎಲ್ಲದಕ್ಕೂ ರೈತ ಕುಡಿಯಲೇಬೇಕಿತ್ತು.

1858–59ರಲ್ಲಿ ಆ ರೈತರು ಕುಡಿಯುವುದಿಲ್ಲ ಎಂದರು. ಗುತ್ತಿಗೆದಾರರು ಬೆಲೆ ಏರಿಸಿ, ಕಲಬೆರಕೆ ಮಾಡಿ ಸುಲಿಯುತ್ತಿದ್ದದ್ದಕ್ಕೆ ಬೇಸತ್ತು ಅನೇಕ ಪ್ರಾಂತ್ಯಗಳ ಹಳ್ಳಿಗಳಲ್ಲಿ ಊರವರೆಲ್ಲ ಸೇರಿ ಮದ್ಯ ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ಕೆಲವೆಡೆ ಗಡಂಗುಗಳನ್ನು ಒಡೆದರು. ಸರ್ಕಾರ ಇದನ್ನು ದಂಗೆ ಎಂದು ಕರೆದು ಸೈನಿಕರನ್ನು ಕಳುಹಿಸಿತು, ನೂರಾರು ಜನರನ್ನು ಬಂಧಿಸಿತು. ಕುಡಿತ ಇವರ ರಕ್ತದಲ್ಲೇ ಇದೆ ಎಂದು ಯಾರಾದರೂ ಹೇಳಿದಾಗ ಈ ಘಟನೆಯನ್ನು ನೆನಪಿಸಬೇಕು: ಕುಡಿಯದೆ ಇರಲು ಹೊರಟ ಜನರನ್ನು ಅವರದೇ ಸರ್ಕಾರ ಲಾಠಿ ಹಿಡಿದು ತಡೆಯಿತು.

ಮುಂದಿನದು ಇದೇ ಕಥೆಯ ಪುನರಾವರ್ತನೆ. 1890ರ ದಶಕದಲ್ಲಿ ಸರ್ಕಾರವೇ ಮಾರಾಟದ ಏಕಸ್ವಾಮ್ಯ ಪಡೆಯಿತು. 1914ರಲ್ಲಿ ಎರಡನೇ ನಿಕೊಲಸ್ ಯುದ್ಧದ ಹೊತ್ತಿಗೆ ಪಾನನಿಷೇಧ ತಂದು ಬೊಕ್ಕಸ ಬರಿದು ಮಾಡಿಕೊಂಡ. ಬೋಲ್ಶೆವಿಕರು ಮೊದಲು ಅದನ್ನೇ ಮುಂದುವರಿಸಿ, 1925ರ ಹೊತ್ತಿಗೆ ಸರ್ಕಾರಿ ವೋಡ್ಕಾವನ್ನು ಮರಳಿ ತಂದರು. 1985ರ ಮೇ ತಿಂಗಳಲ್ಲಿ ಸೋವಿಯತ್ ನಾಯಕ ಗೊರ್ಬಚೆವ್ ಮದ್ಯವಿರೋಧಿ ಅಭಿಯಾನ ಆರಂಭಿಸಿದಾಗ ರಷ್ಯಾದ ಗಂಡಸರ ಸರಾಸರಿ ಆಯುಷ್ಯ 62 ವರ್ಷದ ಆಸುಪಾಸಿನಲ್ಲಿತ್ತು. ಎರಡೇ ವರ್ಷಗಳಲ್ಲಿ 65ರ ಹತ್ತಿರಕ್ಕೆ ಏರಿತು. ಆದಾಯ ಕುಸಿದು, ಕಳ್ಳಭಟ್ಟಿ ಹೆಚ್ಚಿ, ಅಂಗಡಿಗಳಲ್ಲಿ ಸಕ್ಕರೆಯೂ ಸಿಗದಂತಾಗಿ ಅಭಿಯಾನವನ್ನು ಕೈಬಿಡಲಾಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಉದ್ಯೋಗ ಹೋಯಿತು, ಮದ್ಯ ಅಗ್ಗವಾಯಿತು, 1994ರಲ್ಲಿ ಗಂಡಸರ ಆಯುಷ್ಯ 58ಕ್ಕಿಂತ ಕೆಳಗಿಳಿಯಿತು. ಹೊರಗಿನ ಪತ್ರಿಕೆಗಳು ಇದನ್ನು ರಷ್ಯನ್ ಆತ್ಮದ ದುರಂತ ಎಂಬಂತೆ ವರ್ಣಿಸಿದವು. ಆ ಸಾವುಗಳಿಗೆ ಆತ್ಮ ಕಾರಣವಲ್ಲ. ಬೆಲೆ, ಲಭ್ಯತೆ, ನಿರುದ್ಯೋಗ ಕಾರಣ.

ಅದಕ್ಕೆ ಪುರಾವೆ ಮುಂದಿನ ದಶಕಗಳಲ್ಲಿ ಸಿಕ್ಕಿತು. 2000ದ ನಂತರ ರಷ್ಯಾ ಹಂತಹಂತವಾಗಿ ಕಾನೂನು ಬಿಗಿ ಮಾಡಿತು: ವೋಡ್ಕಾಕ್ಕೆ ಕನಿಷ್ಠ ಬೆಲೆ, ರಾತ್ರಿ ಮಾರಾಟಕ್ಕೆ ತಡೆ, ಜಾಹೀರಾತಿಗೆ ಕಡಿವಾಣ, ಅಬಕಾರಿ ಸುಂಕದ ಏರಿಕೆ. ಬಿಯರನ್ನು ಕಾನೂನಿನ ಪ್ರಕಾರ ಮದ್ಯ ಎಂದು ಪರಿಗಣಿಸುವ ತಿದ್ದುಪಡಿ ಬಂದದ್ದೇ 2011ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ 2003ರಿಂದ 2016ರ ನಡುವೆ ರಷ್ಯಾದ ತಲಾ ಆಲ್ಕೊಹಾಲ್ ಬಳಕೆ ಶೇ 43ರಷ್ಟು ಇಳಿಯಿತು. 2018ರಲ್ಲಿ ಗಂಡಸರ ಸರಾಸರಿ ಆಯುಷ್ಯ ಸುಮಾರು 68 ವರ್ಷ ತಲುಪಿತು. ಹದಿಮೂರು ವರ್ಷಗಳಲ್ಲಿ ಒಂದು ಜನಾಂಗದ ಆತ್ಮ ಬದಲಾಗುವುದಿಲ್ಲ. ಅಂಗಡಿಯ ಬಾಗಿಲು ಮುಚ್ಚುವ ವೇಳೆ ಬದಲಾಗುತ್ತದೆ, ಬಾಟಲಿಯ ಬೆಲೆ ಬದಲಾಗುತ್ತದೆ. ‘ಅವರ ಸ್ವಭಾವವೇ ಹಾಗೆ’ ಎಂದು ಕೈಕಟ್ಟಿ ಕೂತ ಅಷ್ಟೂ ವರ್ಷಗಳಲ್ಲಿ ಸತ್ತವರು ಬದುಕಬಹುದಿತ್ತು. ಇದನ್ನು ಮೆಲುದನಿಯಲ್ಲಿ ಹೇಳುವುದು ಸರಿಯಲ್ಲ.

ಮುಂದೆ ಏನಾಗಬಹುದು

ಜಪಾನಿನ ತೆರಿಗೆ ಸಂಸ್ಥೆ ಯುವಜನರ ಕುಡಿತದ ಬಗ್ಗೆ ತಲೆಕೆಡಿಸಿಕೊಂಡದ್ದು ಯಾಕೆ ಎಂಬುದೂ ಈಗ ಸ್ಪಷ್ಟವಾಗುತ್ತದೆ. 1899ರಲ್ಲಿ ಅಲ್ಲಿನ ಸರ್ಕಾರ ಮನೆಯಲ್ಲಿ ಸಾಕೆ ಮಾಡುವುದನ್ನು ನಿಷೇಧಿಸಿತು. ಆ ಹೊತ್ತಿಗೆ ಮದ್ಯದ ತೆರಿಗೆ ಭೂಕಂದಾಯವನ್ನೂ ಮೀರಿ ಆದಾಯದ ಅತಿ ದೊಡ್ಡ ಮೂಲವಾಗಿತ್ತು. ಹಳ್ಳಿಯ ಮನೆಮನೆಯ ಪಾನೀಯ ಹೀಗೆ ಪರವಾನಗಿ ಪಡೆದ ಕಾರ್ಖಾನೆಯ ರಾಷ್ಟ್ರೀಯ ಸರಕಾಯಿತು. ಇಂದು ಆ ಆದಾಯ ಒಟ್ಟು ತೆರಿಗೆಯ ಶೇ 2ಕ್ಕಿಂತ ಕಡಿಮೆ. ಆದರೂ ಸಾಕೆ ತಯಾರಕರು, ಅವರನ್ನು ನಂಬಿದ ಅಕ್ಕಿ ಬೆಳೆಗಾರರು, ಸಣ್ಣ ಊರುಗಳ ಕೆಲಸಗಾರರು ಉಳಿದಿದ್ದಾರೆ. ಪರಂಪರೆಯ ಪಟ್ಟಿ ಅವರಿಗೆ ರಫ್ತಿನ ಮಾರುಕಟ್ಟೆಯನ್ನು ತೆರೆಯಬಹುದು, ಆ ಮಟ್ಟಿಗೆ ಅದು ಒಳ್ಳೆಯದು. ಕುಡಿಯುವವರು ಕಡಿಮೆಯಾದಷ್ಟೂ ಪಾನೀಯವನ್ನು ಪರಂಪರೆ ಎಂದು ಘೋಷಿಸುವ ಪ್ರಯತ್ನಗಳು ಹೆಚ್ಚಲಿವೆ. ದಿನಬಳಕೆಯ ಪೇಯಕ್ಕೆ ಪ್ರಮಾಣಪತ್ರ ಬೇಕಿರುವುದಿಲ್ಲ; ಬಳಕೆಯಿಂದ ಜಾರುತ್ತಿರುವುದಕ್ಕೆ ಬೇಕಾಗುತ್ತದೆ. ಫ್ರಾನ್ಸ್ 2014ರಲ್ಲಿ ವೈನನ್ನು ಕಾನೂನಿನಲ್ಲೇ ಸಾಂಸ್ಕೃತಿಕ ಪರಂಪರೆಯ ಭಾಗ ಎಂದು ಸೇರಿಸಿದ್ದು ಇದೇ ಹಾದಿಯಲ್ಲಿ. ಅದೇ ದೇಶ 1956ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದ ಜೊತೆ ವೈನ್ ಕೊಡುವುದನ್ನು ನಿಲ್ಲಿಸಿತ್ತು, 1991ರಲ್ಲಿ ಮದ್ಯದ ಜಾಹೀರಾತಿಗೆ ಕಠಿಣ ಮಿತಿ ಹಾಕಿತ್ತು. ಇಷ್ಟಾದರೂ ಫ್ರೆಂಚರನ್ನು ಯಾರೂ ಫ್ರೆಂಚರಲ್ಲ ಎನ್ನಲಿಲ್ಲ.

ಕಷ್ಟ ಬರುವುದು ಪರಂಪರೆಯನ್ನು ಆರೋಗ್ಯ ನೀತಿಗೆ ಅಡ್ಡವಾಗಿ ನಿಲ್ಲಿಸಿದಾಗ. ಆಲ್ಕೊಹಾಲಿನ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಐರ್ಲೆಂಡ್ ಮದ್ಯದ ಬಾಟಲಿಗಳ ಮೇಲೆ ಯಕೃತ್ತಿನ ರೋಗ ಮತ್ತು ಕ್ಯಾನ್ಸರ್ ಬಗ್ಗೆ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯಗೊಳಿಸುವ ನಿಯಮ ಮಾಡಿತು. ಇಟಲಿ, ಫ್ರಾನ್ಸ್, ಸ್ಪೇನ್ ಸೇರಿದಂತೆ ವೈನ್ ತಯಾರಿಸುವ ದೇಶಗಳು ಆಕ್ಷೇಪಿಸಿದವು. ವೈನ್ ತಮ್ಮ ಸಂಸ್ಕೃತಿ, ಅದನ್ನು ಸಿಗರೇಟಿನಂತೆ ಕಾಣಬಾರದು ಎಂಬುದು ಆ ಪಾಳೆಯದ ವಾದ. ಎಚ್ಚರಿಕೆಯ ಪರ ಇರುವ ವೈದ್ಯರ ನಿಲುವು ಬೇರೆ: ಸಂಸ್ಕೃತಿ ಎಂಬುದಕ್ಕೆ ಕುಡಿಯುವವನಿಂದ ಮಾಹಿತಿಯನ್ನು ಮುಚ್ಚಿಡುವ ಹಕ್ಕಿಲ್ಲ. ನಿಯಮ 2026ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕಿತ್ತು. ವ್ಯಾಪಾರದ ಆತಂಕದ ಕಾರಣ ನೀಡಿ ಐರಿಷ್ ಸರ್ಕಾರ ಅದನ್ನು 2028ರ ಸೆಪ್ಟೆಂಬರ್‌ಗೆ ಮುಂದೂಡಿದೆ. ಅಲ್ಲಿಯವರೆಗೆ ಕಾದು ಕೂರದೆ ಕೆಲವು ತಯಾರಕರು ಈಗಾಗಲೇ ಎಚ್ಚರಿಕೆ ಮುದ್ರಿಸಿದ ಬಾಟಲಿಗಳನ್ನು ಐರ್ಲೆಂಡಿನ ಅಂಗಡಿಗಳಿಗೆ ಕಳುಹಿಸಿದ್ದಾರೆ. ನಿಯಮ ಪೂರ್ಣವಾಗಿ ಜಾರಿಯಾದರೆ ಯುರೋಪಿನ ಇತರ ಸರ್ಕಾರಗಳ ಮೇಲೂ ಒತ್ತಡ ಬರುತ್ತದೆ; ಮತ್ತೊಮ್ಮೆ ಮುಂದಕ್ಕೆ ಹೋದರೆ ‘ನಮ್ಮ ಪಾನೀಯ, ನಮ್ಮ ಸ್ವಭಾವ’ ಎಂಬ ವಾದವನ್ನು ಮುಂದಿನ ಪ್ರತಿಯೊಂದು ಆರೋಗ್ಯ ಕಾನೂನಿನ ಎದುರಿಗೂ ಇದೇ ದೇಶಗಳು ತಂದಿಡಲಿವೆ.